ಹಾಸಿಗೆ ಇದ್ದಷ್ಟೇ ಕಾಲು ಚಾಚಬೇಕೆ?

‘ಹಾಸಿಗೆ ಇದ್ದಷ್ಟು ಕಾಲು ಚಾಚು’ ಎಂಬ ಗಾದೆಯನ್ನು ವಿಸ್ತರಿಸಿ ಬರೆಯಿರೆಂದು ನಮ್ಮ ಶಾಲೆಯ ಕನ್ನಡ ಪಂಡಿತರು ಪ್ರತಿವರ್ಷವೂ ಮಕ್ಕಳಿಗೆ ಹೇಳುತ್ತಿದ್ದರು. ಆದಾಯವನ್ನು ಮೀರಿ ವೆಚ್ಚ ಮಾಡಬಾರದೆಂಬುದು ಅದರ ತಾತ್ಪರ್ಯ. ಆ ಅರ್ಥದಲ್ಲಿ ಅದರ ಬಗ್ಗೆ ನನ್ನ ತಕರಾರೇನೂ ಇಲ್ಲ. ಆದರೆ ಗಾದೆಯನ್ನು ಅಕ್ಷರಶಃ ಮನುಷ್ಯನ ಕಾಲಿಗೇ ಅನ್ವಯಿಸಿ, “ನಿನ್ನ ಕಾಲು ಉದ್ದವಾದದ್ದು ನಿನ್ನ ತಪ್ಪು, ಹಾಸಿಗೆಯದ್ದಲ್ಲ” ಎಂದು ತೀರ್ಪು ಕೊಡುವವರನ್ನು ಕಂಡಾಗ ಸುಮ್ಮನಿರಲು ನನ್ನಿಂದ ಆಗುವುದಿಲ್ಲ.

ಈ ಮಾತು ಈಗ ಬಂದದ್ದು ನನ್ನ ಹಳೆಯ ವಿದ್ಯಾರ್ಥಿಯೊಬ್ಬನಿಂದ. ಅಮೆರಿಕದ ಒಹಾಯೋ ರಾಜ್ಯದ ಡೇಟನ್ ನಗರದಲ್ಲಿ ನೆಲೆಸಿರುವ ಅವನ ಎತ್ತರ ಆರು ಅಡಿ ಮೂರು ಅಂಗುಲ. ಬಹುಕಾಲದ ಆಸೆಯಿಂದ ಅವನು 1951ನೆಯ ಇಸವಿಯ ಷೆವ್ರೊಲೆ 3100 ಪಿಕಪ್ ಟ್ರಕ್ಕೊಂದನ್ನು ಕೊಂಡಿದ್ದಾನೆ. ಕೊಂಡ ಮೇಲೆ ತಿಳಿದದ್ದೇನೆಂದರೆ, ಕ್ಲಚ್ಚಿನಿಂದ ಎಡಗಾಲನ್ನು ಎತ್ತಿದಾಗಲೆಲ್ಲ ಮೊಣಕಾಲು ಸ್ಟೀರಿಂಗ್ ಚಕ್ರಕ್ಕೆ ಬಡಿಯುತ್ತದೆ. ಬಲಗಾಲನ್ನು ಆಕ್ಸಿಲರೇಟರಿನಿಂದ ಬ್ರೇಕಿಗೆ ತರಬೇಕಾದರೆ ತೊಡೆಯನ್ನು ಓರೆ ಮಾಡಿ ಜಾರಿಸಬೇಕು. ಹಳೆಯ ಗಾಡಿಗಳನ್ನು ಬಲ್ಲವರ ಬಳಿ ಕೇಳಿದರೆ ಎರಡು ಬಗೆಯ ಸಲಹೆ ಬಂದಿತಂತೆ. “ಇವು ನಿಮ್ಮಂಥ ಎತ್ತರದವರಿಗಲ್ಲ, ಮಾರಿಬಿಡಿ” ಎಂದು ಕೆಲವರು. “ಕ್ಯಾಬಿನ ಹಿಂಗೋಡೆಯನ್ನು ಕತ್ತರಿಸಿ ಹಿಂದಕ್ಕೆ ಎಳೆಸಿ” ಎಂದು ಇನ್ನು ಕೆಲವರು. “ಮೇಷ್ಟ್ರೇ, ಲೆಕ್ಕ ಹಾಕಿ ನೋಡಿ, ನೀವೇನು ಹೇಳುತ್ತೀರಿ?” ಎಂದು ಅವನು ಅಳತೆಗಳನ್ನೆಲ್ಲ ಬರೆದು ಕಳಿಸಿದ. ಗಣಿತದ ಮೇಷ್ಟರಿಗೆ ಇದಕ್ಕಿಂತ ಪ್ರಿಯವಾದ ಪತ್ರ ಬೇರೊಂದಿಲ್ಲ.

ನನ್ನ ಅಭಿಪ್ರಾಯ ಮೇಲಿನ ಎರಡಕ್ಕೂ ವಿರುದ್ಧ. ಗಾಡಿಯನ್ನು ಮಾರಬೇಕಾಗಿಲ್ಲ, ಕ್ಯಾಬನ್ನು ಕೊಯ್ಯಬೇಕಾಗಿಯೂ ಇಲ್ಲ. ಸೀಟಿನ ಬೆನ್ನ ಹಿಂದೆ ಕುಳಿತಿರುವ ಪೆಟ್ರೋಲ್ ಟ್ಯಾಂಕನ್ನು ಅಲ್ಲಿಂದ ಎಬ್ಬಿಸಿ ಕಳಿಸಬೇಕು. ಎತ್ತರದವನಿಗೆ ಸಲ್ಲಬೇಕಾದ ಜಾಗವನ್ನು ನುಂಗಿರುವುದು ಅದೇ.

ಗಾಡಿಯ ಪರಿಚಯವಿಲ್ಲದವರಿಗಾಗಿ ಎರಡು ಮಾತು. 1947ರಿಂದ 1955ರ ಮೊದಲ ಭಾಗದವರೆಗೆ ಷೆವ್ರೊಲೆ ಸಂಸ್ಥೆ ‘ಅಡ್ವಾನ್ಸ್ ಡಿಸೈನ್’ ಎಂಬ ಹೆಸರಿನ ಟ್ರಕ್ಕುಗಳನ್ನು ತಯಾರಿಸಿತು. ಅವುಗಳಲ್ಲಿ ಅರ್ಧ ಟನ್ನಿನದು 3100. ಉಬ್ಬಿದ ಮಡ್‌ಗಾರ್ಡುಗಳು, ದುಂಡನೆಯ ನೆತ್ತಿ, ಮುಂಗಡೆ ಐದು ಅಡ್ಡಪಟ್ಟಿಗಳು. ಹಳೆಯ ಹಾಲಿವುಡ್ ಚಿತ್ರಗಳಲ್ಲಿ ರೈತನ ಮನೆಯ ಮುಂದೆ ನಿಂತಿರುವ ಗಾಡಿಯನ್ನು ನೆನಪಿಸಿಕೊಳ್ಳಿ, ಬಹುಶಃ ಅದೇ. ಮುಂದಿನ ಚಕ್ರದಿಂದ ಹಿಂದಿನ ಚಕ್ರಕ್ಕೆ 116 ಅಂಗುಲ. ಈ ಉದ್ದದಲ್ಲಿ ಆರು ಸಿಲಿಂಡರಿನ ನೀಳವಾದ ಎಂಜಿನ್ನು ಒಂದು ಪಾಲನ್ನೂ ಸಾಮಾನು ತುಂಬುವ ತೊಟ್ಟಿ ಇನ್ನೊಂದು ಪಾಲನ್ನೂ ಮೊದಲೇ ಪಡೆದುಕೊಂಡಿದ್ದವು. ಮಿಕ್ಕದ್ದು ಮನುಷ್ಯನಿಗೆ. ಮೂವರು ಅಕ್ಕಪಕ್ಕ ಕೂರುವಷ್ಟು ಅಗಲವನ್ನು ಕೊಟ್ಟವರು ಉದ್ದದಲ್ಲಿ ಮಾತ್ರ ಕೈ ಬಿಗಿಹಿಡಿದರು. ಜಗಲಿಯಂಥ ಒಂದೇ ಸೀಟು, ನೆಟ್ಟಗೆ ನಿಂತ ಬೆನ್ನೊರಗು. 1949ರಲ್ಲಿ ಪೆಟ್ರೋಲ್ ಟ್ಯಾಂಕನ್ನೂ ಕ್ಯಾಬಿನೊಳಕ್ಕೆ ತಂದು ಸೀಟಿನ ಹಿಂದೆ ಲಂಬವಾಗಿ ನಿಲ್ಲಿಸಿದರು. ಅಂದಿನಿಂದ ಬೆನ್ನೊರಗು ಹಿಂದೆ ಸರಿಯಬೇಕೆಂದರೂ ಸರಿಯಲು ಎಡೆಯಿಲ್ಲವಾಯಿತು.

ಇನ್ನು ಲೆಕ್ಕ. ಸೀಟಿಗೆ ಒಂದು ದಿಂಬು ಏರಿಸಿದರೆ ಕಾಲಿಗೆ ಜಾಗ ಸಿಗುತ್ತದೆಂಬ ನಂಬಿಕೆಯುಂಟು. ಅದು ಸುಳ್ಳಲ್ಲ, ಆದರೆ ಅದರ ಫಲ ಅತ್ಯಲ್ಪ. ಸೊಂಟದ ಕೀಲಿನಿಂದ ಪೆಡಲಿನವರೆಗಿನ ದೂರವು ಲಂಬಕೋನ ತ್ರಿಭುಜವೊಂದರ ಕರ್ಣ ಎಂದುಕೊಳ್ಳಿ. ಅಡ್ಡಳತೆ 34 ಅಂಗುಲ, ಎತ್ತರ 10 ಅಂಗುಲ ಎಂದಿಟ್ಟುಕೊಂಡರೆ ಕರ್ಣ 35.4 ಅಂಗುಲ ಬರುತ್ತದೆ. ಸೀಟನ್ನು 2 ಅಂಗುಲ ಎತ್ತರಿಸಿದರೆ ಅದು 36.1 ಆಗುತ್ತದೆ, ಗಳಿಕೆ ಮುಕ್ಕಾಲು ಅಂಗುಲಕ್ಕೂ ಕಡಿಮೆ. ಆ ಗಳಿಕೆಗಾಗಿ ತಲೆ ಛಾವಣಿಗೆ ತಾಗುತ್ತದೆ, ತೊಡೆ ಸ್ಟೀರಿಂಗಿಗೆ ಸಿಕ್ಕಿಕೊಳ್ಳುತ್ತದೆ. ಸೀಟನ್ನು ಎತ್ತರಿಸದೆ 3 ಅಂಗುಲ ಹಿಂದಕ್ಕೆ ಸರಿಸಿದರೆ ಕರ್ಣ 38.3. ಹೆಚ್ಚುಕಡಿಮೆ ಸರಿಸಿದಷ್ಟೂ ದಕ್ಕಿತು! ಬೌಧಾಯನನ ಸೂತ್ರ ಇಷ್ಟು ನೇರವಾಗಿ ಉಪಯೋಗಕ್ಕೆ ಬಂದುದನ್ನು ಕಂಡು ನನಗೆ ಆದ ಸಂತೋಷವನ್ನು ಓದುಗರು ಮನ್ನಿಸಬೇಕು. ದಿಂಬು, ಗಾದಿ, ಸ್ಪಂಜುಗಳಿಂದ ಬೆನ್ನೊರಗನ್ನು ಮೆತ್ತಗೆ ಮಾಡಿಕೊಳ್ಳುವವರು ಇದಕ್ಕೆ ತೀರ ವಿರುದ್ಧವಾದುದನ್ನೇ ಮಾಡುತ್ತಿರುತ್ತಾರೆ. ದಪ್ಪಗಿನ ಹಳೆಯ ಸ್ಪ್ರಿಂಗುಗಳನ್ನು ತೆಗೆದು ತೆಳುವಾದ, ಗಟ್ಟಿಯಾದ ಬೆನ್ನೊರಗನ್ನು ಹಾಕಿಸಿದರೆ ಒಂದು ಕಾಸಿನ ಕಬ್ಬಿಣವನ್ನೂ ಕತ್ತರಿಸದೆ ಒಂದೆರಡು ಅಂಗುಲ ಸಿಕ್ಕುತ್ತದೆ. ಮಿಕ್ಕ ಅಂಗುಲಗಳಿಗೆ ಟ್ಯಾಂಕು ಜಾಗ ಬಿಡಬೇಕು.

ಟ್ಯಾಂಕಿನ ವಿಷಯದಲ್ಲಿ ಕಾಲಿಗಿಂತ ದೊಡ್ಡದೊಂದು ಪ್ರಶ್ನೆಯೂ ಅಡಗಿದೆ. ಹತ್ತಾರು ಲೀಟರು ಪೆಟ್ರೋಲನ್ನು ಬೆನ್ನಿಗಂಟಿಸಿಕೊಂಡು, ಮುಚ್ಚಿದ ಡಬ್ಬಿಯಂಥ ಕ್ಯಾಬಿನೊಳಗೆ, ಎಪ್ಪತ್ತು ವರ್ಷ ದಾಟಿದ ತಗಡು ಮತ್ತು ರಬ್ಬರಿನ ಕೊಳವೆಗಳನ್ನು ನಂಬಿ ಕುಳಿತುಕೊಳ್ಳುವುದು ಯಾವ ಜಾಣತನ? ಒಳಗೆ ಪೆಟ್ರೋಲಿನ ವಾಸನೆ ಬರುವುದು ಹಳೆಯ ಗಾಡಿಗಳ ಸೊಗಸೆಂದು ಬಣ್ಣಿಸುವವರಿದ್ದಾರೆ. ವಾಸನೆ ಬರುತ್ತಿದೆಯೆಂದರೆ ಆವಿ ಸೋರುತ್ತಿದೆ ಎಂದರ್ಥ, ಅಷ್ಟೆ. ಅಮೆರಿಕದ ತಯಾರಕರೂ ತಡವಾಗಿಯಾದರೂ ಇದನ್ನು ಒಪ್ಪಿಕೊಂಡರು. ಫೋರ್ಡ್ ಎಫ್-100 ಮತ್ತು ಷೆವ್ರೊಲೆಗಳೆರಡರಲ್ಲೂ ಟ್ಯಾಂಕು ಕ್ಯಾಬನ್ನು ಬಿಟ್ಟು ಹೊರನಡೆದದ್ದು 1973ರ ಮಾದರಿಗಳಲ್ಲಿ. ಅದೇ ವರ್ಷ ಡಾಜ್ ಕಂಪನಿ ಸೀಟಿನ ಹಿಂದೆ ಹೆಚ್ಚಿನ ಜಾಗವಿರುವ ‘ಕ್ಲಬ್ ಕ್ಯಾಬ್’ ಅನ್ನು ತಂದಿತು.

ಆದರೆ ಹೊರಗೆ ಹಾಕಿದರಾಯಿತು ಎನ್ನುವಂತಿಲ್ಲ, ಎಲ್ಲಿ ಹಾಕಿದರು ಎಂಬುದು ಮುಖ್ಯ. 1973ರಿಂದ 1987ರವರೆಗಿನ ಜನರಲ್ ಮೋಟರ್ಸ್ ಪಿಕಪ್‌ಗಳಲ್ಲಿ ಟ್ಯಾಂಕುಗಳನ್ನು ಚಾಸಿಯ ತೊಲೆಗಳ ಹೊರಬದಿಯಲ್ಲಿ, ಕುದುರೆಯ ಜೀನಿನ ಚೀಲಗಳಂತೆ ತೂಗುಹಾಕಿದರು. ಪಕ್ಕದಿಂದ ಡಿಕ್ಕಿಯಾದಾಗ ಅವು ಒಡೆದು ಬೆಂಕಿ ಹತ್ತುತ್ತದೆಂಬ ವಿವಾದ ವರ್ಷಗಟ್ಟಲೆ ನಡೆದು, 1994ರಲ್ಲಿ ಸರ್ಕಾರದೊಡನೆ ರಾಜಿಯಾಯಿತು. ಕಂಪನಿಯು ಸುರಕ್ಷತಾ ಕಾರ್ಯಕ್ರಮಗಳಿಗೆ 5 ಕೋಟಿ ಡಾಲರಿಗೂ ಮೀರಿದ ಹಣವನ್ನು ಕೊಡಲೊಪ್ಪಿತು. ಗಾಡಿಗಳನ್ನು ಮಾತ್ರ ಹಿಂದಕ್ಕೆ ಕರೆಸಿಕೊಳ್ಳಲಿಲ್ಲ. ಆದಕಾರಣ ನನ್ನ ವಿದ್ಯಾರ್ಥಿಗೆ ನಾನು ಬರೆದದ್ದಿಷ್ಟು: ಹೊಸ ಟ್ಯಾಂಕು ತೊಟ್ಟಿಯ ಕೆಳಗೆ, ಚಾಸಿಯ ಎರಡು ತೊಲೆಗಳ ನಡುವೆ, ಹಿಂದಿನ ಆಕ್ಸಲ್ಲಿನಾಚೆ ಸ್ಟೆಪ್ನಿ ತೂಗುತ್ತಿದ್ದ ಕಡೆ ಇರಲಿ. ಈ ಗಾಡಿಗೆಂದೇ ತಯಾರಾದ ಟ್ಯಾಂಕುಗಳು ಅಲ್ಲಿ ಅಂಗಡಿಯಲ್ಲೇ ದೊರೆಯುತ್ತವೆ. ಹಳೆಯ ಟ್ಯಾಂಕಿನ ಹತ್ತಿರ ವೆಲ್ಡಿಂಗ್ ಮಾಡಗೊಡಬೇಡ. ಬರಿದಾದ ಟ್ಯಾಂಕಿನಲ್ಲೂ ಆವಿ ಉಳಿದಿರುತ್ತದೆ.

ಇದನ್ನು ಬರೆಯುವಾಗ ನಮ್ಮ ಮಲೆನಾಡಿನ ಜೀಪುಗಳು ನೆನಪಾದವು. ವಿಲ್ಲೀಸ್ ಜೀಪಿನಲ್ಲಿ ಟ್ಯಾಂಕು ಬೆನ್ನ ಹಿಂದಲ್ಲ, ಡ್ರೈವರನ ಸೀಟಿನ ಕೆಳಗೇ ಇರುತ್ತಿತ್ತು. ಸೀಟನ್ನು ತಗ್ಗಿಸುವಂತಿಲ್ಲ, ಹಿಂದಕ್ಕೆ ಸರಿಸುವಂತೆಯೂ ಇಲ್ಲ. ನಮ್ಮೂರಿನ ಕಾಫಿ ತೋಟದ ಜೀಪನ್ನು ಓಡಿಸುತ್ತಿದ್ದ ನೀಳಕಾಯದ ಡ್ರೈವರೊಬ್ಬರು ಬಾಗಿಲಿಲ್ಲದ ಆ ಜೀಪಿನಿಂದ ಬಲಮೊಣಕಾಲನ್ನು ಹೊರಗೆ ಚಾಚಿಕೊಂಡೇ ಘಟ್ಟ ಇಳಿಯುತ್ತಿದ್ದರು. ಮಳೆಗಾಲದಲ್ಲಿ ಅವರ ಪ್ಯಾಂಟಿನ ಬಲಗಾಲು ಮಾತ್ರ ತೊಪ್ಪೆಯಾಗಿರುತ್ತಿತ್ತು. ನಾವು ಹುಡುಗರು ಅದನ್ನು ಒಂದು ಠೀವಿಯೆಂದು ತಿಳಿದು, ಸೈಕಲ್ಲಿನ ಮೇಲೆ ಅನುಕರಿಸುತ್ತಿದ್ದೆವು.

ಹೀಗೇಕೆ ಮಾಡುತ್ತಾರೆ? ತಯಾರಿಸುವವನ ಮನಸ್ಸಿನಲ್ಲಿ ಒಬ್ಬ ‘ಸರಾಸರಿ ಮನುಷ್ಯ’ ಕುಳಿತಿರುತ್ತಾನೆ. ಆತ ಎಂಥವನೆಂಬುದು ಹೊರಬಿದ್ದದ್ದು ನನ್ನ ವಿದ್ಯಾರ್ಥಿ ಇರುವ ಡೇಟನ್ ನಗರದ ಬಳಿಯ ವಾಯುಪಡೆಯ ನೆಲೆಯಲ್ಲಿಯೇ. 1950ರ ಸುಮಾರಿಗೆ ಅಲ್ಲಿ ನಾಲ್ಕು ಸಾವಿರಕ್ಕೂ ಹೆಚ್ಚು ವಿಮಾನ ಚಾಲಕರ ದೇಹದ ಅಳತೆ ತೆಗೆದರು. ಗಿಲ್ಬರ್ಟ್ ಡೇನಿಯಲ್ಸ್ ಎಂಬ ತರುಣ ಅಧಿಕಾರಿ ಎತ್ತರ, ಎದೆ, ತೋಳು ಮೊದಲಾದ ಹತ್ತು ಅಳತೆಗಳನ್ನು ಆಯ್ದುಕೊಂಡು, ಹತ್ತರಲ್ಲೂ ಸರಾಸರಿಯ ಆಸುಪಾಸಿನಲ್ಲಿರುವವರು ಎಷ್ಟು ಮಂದಿಯೆಂದು ಎಣಿಸಿದ. 4063 ಮಂದಿಯಲ್ಲಿ ಸಿಕ್ಕಿದ ಸಂಖ್ಯೆ ಸೊನ್ನೆ. ಯಾರಿಗಾಗಿ ಕಾಕ್‌ಪಿಟ್ಟನ್ನು ಅಳೆದು ಕಟ್ಟಿದ್ದರೋ ಅವನು ಹುಟ್ಟಿಯೇ ಇರಲಿಲ್ಲ! ಮನುಷ್ಯನಿಗೆ ತಕ್ಕಂತೆ ಸೀಟು, ಪೆಡಲುಗಳು ಹೊಂದಿಕೊಳ್ಳಬೇಕೆಂಬ ಮಾತಿಗೆ ಬಲ ಬಂದದ್ದು ಇಂಥ ಲೆಕ್ಕಗಳಿಂದ. ನನ್ನ ವಿದ್ಯಾರ್ಥಿಯ ಟ್ರಕ್ಕು ಕಾರ್ಖಾನೆಯಿಂದ ಹೊರಬಂದ ಕಾಲವೂ ಅದೇ ಎಂಬುದು ಒಂದು ವಿನೋದ.

ನಾನು ಪಾಠ ಹೇಳಿದ ಕೊಠಡಿಗಳಲ್ಲಿಯೂ ಈ ಸರಾಸರಿ ಮನುಷ್ಯನದೇ ಆಳ್ವಿಕೆ. ಒಂದೇ ಅಳತೆಯ ಡೆಸ್ಕುಗಳು ಗಾಡಿಯಲ್ಲಿ ಬಂದು ಇಳಿಯುತ್ತಿದ್ದವು. ಐದನೆಯ ತರಗತಿಗೂ ಅವೇ, ಹತ್ತನೆಯದಕ್ಕೂ ಅವೇ. ಎತ್ತರದ ಹುಡುಗ ಹಿಂದಿನವರಿಗೆ ಕಪ್ಪುಹಲಗೆ ಮರೆಯಾಗುತ್ತದೆಂದು ಕೊನೆಯ ಬೆಂಚಿಗೆ ಹೋಗುತ್ತಿದ್ದ. ಅಲ್ಲಿ ಮೊಣಕಾಲು ಹಲಗೆಗೆ ತಾಗಿ ಅವನು ಅಡ್ಡ ತಿರುಗಿ ಕೂರುತ್ತಿದ್ದ. ಅಡ್ಡ ಕೂತದ್ದಕ್ಕೆ ಅವನಿಗೆ ಗಮನವಿಲ್ಲವೆಂಬ ಹೆಸರು. ನನ್ನ ಈ ವಿದ್ಯಾರ್ಥಿಗೂ ಆ ಹೆಸರಿತ್ತು. ಈಗ ಅವನು ಸ್ವಂತ ದುಡ್ಡಿನಲ್ಲಿ ಕೊಂಡ ಗಾಡಿಯಲ್ಲಿಯೂ ಅಡ್ಡ ತಿರುಗಿ ಕೂರಬೇಕೆಂದರೆ ಯಾವ ನ್ಯಾಯ?

ಮೂಲಸ್ವರೂಪವನ್ನು ಕೆಡಿಸಬಾರದೆನ್ನುವವರ ವಾದವನ್ನು ನಾನು ಹಗುರವಾಗಿ ಕಾಣುತ್ತಿಲ್ಲ. ಹಳೆಯ ವಸ್ತುವನ್ನು ಹಳೆಯದರಂತೆಯೇ ಉಳಿಸಿಕೊಳ್ಳುವುದರಲ್ಲಿ ಒಂದು ನಿಷ್ಠೆಯಿದೆ. ವಸ್ತುಸಂಗ್ರಹಾಲಯದಲ್ಲಿ ನಿಲ್ಲುವ ಗಾಡಿಗೆ ಅದು ಸರಿ. ರಸ್ತೆಗೆ ಇಳಿಯುವ ಗಾಡಿಯಲ್ಲಿ ಬ್ರೇಕಿಗೆ ಕಾಲು ತಲುಪುವುದು ಅರೆಕ್ಷಣ ತಡವಾದರೆ, ತೆರಬೇಕಾದ ಬೆಲೆ ಎದುರಿಗೆ ಬರುವವನದ್ದು ಕೂಡ. ಅದಲ್ಲದೆ, ಕ್ಯಾಬನ್ನು ಕೊಯ್ದರೆ ಅದು ಮತ್ತೆ ಕೂಡುವುದಿಲ್ಲ. ಟ್ಯಾಂಕನ್ನು ಸ್ಥಳಾಂತರಿಸಿದರೆ ನಾಳೆ ಬರುವ ಗಿಡ್ಡ ಯಜಮಾನ ಅದನ್ನು ಮರಳಿ ಒಳಗೆ ತಂದುಕೊಳ್ಳಬಹುದು. ಹಳೆಯ ಟ್ಯಾಂಕನ್ನು ಎಸೆಯದೆ, ತೊಳೆದು ಒಣಗಿಸಿ ಅಟ್ಟದ ಮೇಲೆ ಇಟ್ಟುಕೊ ಎಂದು ಬರೆದಿದ್ದೇನೆ.

ಸ್ಟೀರಿಂಗಿನ ವಿಚಾರದಲ್ಲಿ ಆತುರ ಕೂಡದು. ಮೂಲ ಚಕ್ರ 17-18 ಅಂಗುಲದ ದೊಡ್ಡ ಚಕ್ರ. ಅಷ್ಟು ದೊಡ್ಡದಾಗಿಟ್ಟದ್ದು ವೈಭವಕ್ಕಲ್ಲ, ಪವರ್ ಸ್ಟೀರಿಂಗ್ ಇಲ್ಲದ ಗಾಡಿಯನ್ನು ತಿರುಗಿಸಲು ಅಷ್ಟು ಸನ್ನೆಬಲ ಬೇಕು. 15 ಅಂಗುಲದ ಚಕ್ರ ಹಾಕಿದರೆ ತೊಡೆಗೆ ಒಂದು ಅಂಗುಲದ ಮೇಲೆ ಬಿಡುವು ಸಿಗುತ್ತದೆ, ತೋಳಿಗೆ ಅಷ್ಟೇ ಶ್ರಮ ಕೂಡುತ್ತದೆ. ಚಕ್ರದಿಂದ ಕೆಳಗಿನ ಪೆಟ್ಟಿಗೆಯವರೆಗೆ ಹೋಗುವ ಉಕ್ಕಿನ ದಂಡ ಅಖಂಡವಾದದ್ದು. ಡಿಕ್ಕಿಯಾದಾಗ ಕುಸಿದು ಒಳಸೇರುವ ದಂಡಗಳು ಬಂದದ್ದು 1967ರ ನಂತರ. ಆದ್ದರಿಂದ ಎದೆಗೂ ಚಕ್ರಕ್ಕೂ ನಡುವೆ ಅಂತರ ಹೆಚ್ಚಿದಷ್ಟೂ ಒಳ್ಳೆಯದು, ಆ ಅಂತರವೂ ಸೀಟು ಹಿಂದೆ ಹೋದರೆ ತಾನಾಗಿ ಒದಗುತ್ತದೆ. ಪೆಡಲಿನ ಕೈಗಳನ್ನು ಬಗ್ಗಿಸಿ ಬೆಸೆಯುವ ಸಲಹೆಯೂ ಬಂದಿತ್ತಂತೆ. ಬ್ರೇಕಿನ ಪೆಡಲನ್ನು ಕಾಯಿಸಿ ಬಗ್ಗಿಸುವ ಮೆಕ್ಯಾನಿಕ್ ಎಷ್ಟೇ ಕುಶಲನಿರಲಿ, ಆತನಿಗೆ ದೂರದಿಂದ ನಮಸ್ಕಾರ.

ಸೀಟಿನ ಹಳಿಗೆ ಹಿಂದೆ ಹೊಸ ರಂಧ್ರ ಕೊರೆಯುವಾಗ ನೆಲದ ತಗಡಿನಡಿ ದಪ್ಪ ಉಕ್ಕಿನ ಪಟ್ಟಿಯನ್ನಿಟ್ಟು ಬೋಲ್ಟು ಬಿಗಿಯಬೇಕು. 1951ರ ಈ ಗಾಡಿಯಲ್ಲಿ ಬೆಲ್ಟುಗಳಿರಲಿಲ್ಲವಾದ್ದರಿಂದ ಅವನ್ನೂ ಇದೇ ಕೈಯಲ್ಲಿ ಕೂರಿಸಿಬಿಡಬೇಕು. ಟ್ಯಾಂಕು ಹೋದ ಜಾಗ ಪೂರ್ತಿ ಸೀಟಿಗೆ ಬೇಕಾಗುವುದಿಲ್ಲ, ಕೊಂಚ ಉಳಿಯುತ್ತದೆ. ಅಲ್ಲಿ ಜಾಕು, ಸ್ಪ್ಯಾನರುಗಳನ್ನು ಬಿಡಿಬಿಡಿಯಾಗಿ ತುಂಬಿದರೆ ಹಠಾತ್ತನೆ ಬ್ರೇಕು ಹಾಕಿದಾಗ ಅವು ಕುತ್ತಿಗೆಯನ್ನು ಹುಡುಕಿಕೊಂಡು ಬರುತ್ತವೆ. ಕಂಬಳಿ, ಕೊಡೆ ಇಟ್ಟುಕೊಳ್ಳಲಿ. ಕ್ಯಾಬಿನ ಬಲಬದಿಯಲ್ಲಿರುವ ಪೆಟ್ರೋಲಿನ ಮುಚ್ಚಳವನ್ನು, ನೋಟಕ್ಕೆ ಚೆಂದವೆಂದು, ಅವನು ಹಾಗೇ ಬಿಡುತ್ತಾನಂತೆ. ಬಿಡಲಿ, ಆದರೆ ಅದು ತೆರೆಯದಂತೆ ಒಳಗಿನಿಂದ ಭದ್ರಪಡಿಸಲಿ. ಗೆಳೆಯರಾರಾದರೂ ಒಂದು ದಿನದ ಮಟ್ಟಿಗೆಂದು ಗಾಡಿ ಕೇಳಿ ಒಯ್ದವರು ಉಪಕಾರಸ್ಮರಣೆಯಿಂದ ಅದರೊಳಕ್ಕೇ ಪೆಟ್ರೋಲು ತುಂಬಿಸಿಯಾರು.