ಮನೆಯ ವಿಡಿಯೊ ಸಂಗ್ರಹ: ಬಿಲ್ಲಿನಲ್ಲಿ ಕಾಣದ ಸಂಗತಿಗಳು

ಮಗಳ ಮದುವೆಯ ಚಿತ್ರೀಕರಣ, ಮೊಮ್ಮಗನ ನಾಮಕರಣ, ಕಾರ್ಖಾನೆಯ ಹೊಸ ಯಂತ್ರದ ಪ್ರಾತ್ಯಕ್ಷಿಕೆ ಎಲ್ಲವೂ ಈಗ ಹೈ ಡೆಫಿನಿಷನ್ ಅಥವಾ 4ಕೆ ರೂಪದಲ್ಲೇ ಮನೆ ಸೇರುತ್ತಿವೆ. ಇವನ್ನು ಒಂದೆಡೆ ಇರಿಸಿ, ಮನೆಯ ಟಿ.ವಿ., ಕಂಪ್ಯೂಟರ್, ಮೊಬೈಲುಗಳಲ್ಲಿ ನೋಡಲು ಅನುವು ಮಾಡಿಕೊಡುವ ಪುಟ್ಟ ಪೆಟ್ಟಿಗೆಗೆ ಮಾರುಕಟ್ಟೆಯಲ್ಲಿ ‘ನ್ಯಾಸ್’ ಎಂದು ಹೆಸರು. ಇದನ್ನು ಕೊಳ್ಳಲು ಬಂದ ವರ್ತಕರು ಕೇಳುವ ಮೊದಲ ಪ್ರಶ್ನೆ ಎಷ್ಟು ಟೆರಾಬೈಟ್ ಎಂಬುದು, ಎರಡನೆಯದು ಬೆಲೆ. ದವಸ ಕೊಳ್ಳುವಾಗ ತೂಕದೊಡನೆ ತೇವಾಂಶವನ್ನೂ ನೋಡುವವರು ಇಲ್ಲಿ ತೂಕಕ್ಕೇ ತೃಪ್ತರಾಗುವುದು ಸೋಜಿಗವೇ ಸರಿ.

ಮೊದಲು ತಂತಿಯ ವಿಚಾರ. ಬ್ಲೂ-ರೇ ಡಿಸ್ಕಿನ ಚಿತ್ರಕ್ಕೆ ಸೆಕೆಂಡಿಗೆ ಗರಿಷ್ಠ 54 ಮೆಗಾಬಿಟ್ ಹರಿವು ಸಾಕು. ಸೆಕೆಂಡಿಗೆ 100 ಮೆಗಾಬಿಟ್ ದರದಲ್ಲಿ ಚಿತ್ರಿಸಿದ 4ಕೆ ವಿಡಿಯೊ ಗಂಟೆಗೆ 45 ಗಿಗಾಬೈಟ್ ಜಾಗ ಬೇಡುತ್ತದೆ. 100 ಮೆಗಾಬಿಟ್ ಸಾಮರ್ಥ್ಯದ ಹಳೆಯ ರೂಟರಿನಲ್ಲಿ ಅದು ತಡೆತಡೆದು ಓಡುವುದು ನಿಶ್ಚಿತ. ಗಿಗಾಬಿಟ್ ಸಂಪರ್ಕವಿದ್ದರೆ ಈ ತೊಡಕಿಲ್ಲ. ಆದರೆ ಗಿಗಾಬಿಟ್ ವೇಗಕ್ಕೆ ಕೇಬಲಿನ ಎಂಟೂ ತಂತಿಗಳು ಬೇಕು. ಕೆಲಸದವರು ನಾಲ್ಕನ್ನು ಮಾತ್ರ ಜೋಡಿಸಿ ಹೋದರೆ ವೇಗ ಸದ್ದಿಲ್ಲದೆ 100ಕ್ಕೆ ಇಳಿಯುತ್ತದೆ. ದೂರು ಮಾತ್ರ ಪೆಟ್ಟಿಗೆಯ ಮೇಲೆ ಬರುತ್ತದೆ.

ಇನ್ನು ಡಿಸ್ಕು. ಕೆಲವು ಹಾರ್ಡ್ ಡಿಸ್ಕುಗಳಲ್ಲಿ ಮಾಹಿತಿಯ ಪಥಗಳು ಮಂಗಳೂರು ಹೆಂಚಿನ ಮಾಡಿನಂತೆ ಒಂದರ ಅಂಚಿನ ಮೇಲೊಂದು ಕುಳಿತಿರುತ್ತವೆ. ಎಸ್‌.ಎಂ.ಆರ್. ಎಂಬುದು ಈ ವಿಧಾನದ ಹೆಸರು. ನಡುವಿನ ಹೆಂಚನ್ನು ಬದಲಿಸಲು ಪಕ್ಕದವನ್ನೂ ಎತ್ತಬೇಕಾಗುವಂತೆ, ಇಲ್ಲಿಯೂ ಮರುಬರವಣಿಗೆ ನಿಧಾನ. ಚಿತ್ರ ನೋಡುವುದಕ್ಕೆ ಇದರಿಂದ ಅಡ್ಡಿಯಿಲ್ಲ. ಕೆಟ್ಟ ಡಿಸ್ಕಿನ ಜಾಗದಲ್ಲಿ ಹೊಸದನ್ನು ಹಾಕಿ ಮಾಹಿತಿಯನ್ನು ಪುನಃ ತುಂಬುವಾಗ ಕಷ್ಟ ತಿಳಿಯುತ್ತದೆ. ನ್ಯಾಸ್‌ಗೆಂದೇ ಮಾರುತ್ತಿದ್ದ ವೆಸ್ಟರ್ನ್ ಡಿಜಿಟಲ್ ಸಂಸ್ಥೆಯ ‘ರೆಡ್’ ಡಿಸ್ಕುಗಳಲ್ಲಿ ಕೆಲವು ಈ ಬಗೆಯವು ಎಂಬುದು 2020ರ ಏಪ್ರಿಲ್‌ನಲ್ಲಿ ಬಯಲಾಯಿತು. ಆಕ್ಷೇಪಣೆಗಳು ಬಂದ ನಂತರವೇ ಸಂಸ್ಥೆಯು ಯಾವುದು ಯಾವ ಬಗೆಯದೆಂದು ಪ್ರಕಟಿಸಿತು.

ಇದಕ್ಕಿಂತ ಗಂಭೀರವಾದುದು, ಮಾರಾಟವಾದ ಮೇಲೂ ಸರಕಿನ ಗುಣ ಬದಲಾಗುವ ವಿದ್ಯಮಾನ. ಸೈನಾಲಜಿ ಸಂಸ್ಥೆಯು 2024ರಲ್ಲಿ ಹೊರತಂದ ತಂತ್ರಾಂಶದ ಪರಿಷ್ಕರಣೆಯಲ್ಲಿ ‘ವಿಡಿಯೊ ಸ್ಟೇಷನ್’ ಎಂಬ ತನ್ನದೇ ಸೌಲಭ್ಯವನ್ನು ಕೈಬಿಟ್ಟಿತು. ವಿಡಿಯೊ ನೋಡಲೆಂದೇ ಪೆಟ್ಟಿಗೆ ಕೊಂಡವರು ಬೇರೆ ತಂತ್ರಾಂಶ ಹುಡುಕಬೇಕಾಯಿತು. 2025ರಲ್ಲಿ ತನ್ನ ‘ಪ್ಲಸ್’ ಶ್ರೇಣಿಯ ಹೊಸ ಪೆಟ್ಟಿಗೆಗಳಿಗೆ ತನ್ನ ಹೆಸರಿನ ಡಿಸ್ಕುಗಳನ್ನೇ ಬಳಸಬೇಕೆಂಬ ನಿರ್ಬಂಧವನ್ನು ಹೇರಿ, ಟೀಕೆ ಬಂದ ಬಳಿಕ ಅದೇ ವರ್ಷದ ಅಕ್ಟೋಬರ್‌ನಲ್ಲಿ ಸಡಿಲಿಸಿತು. ತಕ್ಕಡಿ ಮಾರಿದವನು ಮರುವರ್ಷ ಬಂದು ಬಟ್ಟುಗಳನ್ನು ಒಯ್ದರೆ ಯಾವ ಪೇಟೆಯೂ ಒಪ್ಪಲಾರದು. ತಂತ್ರಾಂಶದ ಹೆಸರಿನಲ್ಲಿ ಅದನ್ನೇ ಒಪ್ಪಿಕೊಳ್ಳಲಾಗುತ್ತಿದೆ.

ಈ ಪೆಟ್ಟಿಗೆಗಳನ್ನು ಮಾರುವ ವ್ಯಾಪಾರಿಗಳು ಸಹ ಈ ಪತ್ರಿಕೆಯ ಓದುಗರೇ. ಡಿಸ್ಕಿನ ಮಾದರಿ ಸಂಖ್ಯೆ, ಅದು ಎಸ್‌.ಎಂ.ಆರ್. ಹೌದೋ ಅಲ್ಲವೋ, ತಂತ್ರಾಂಶಕ್ಕೆ ತಯಾರಕರ ಬೆಂಬಲ ಯಾವ ವರ್ಷದವರೆಗೆ ಎಂಬ ವಿವರಗಳನ್ನು ಅವರು ಬಿಲ್ಲಿನಲ್ಲಿಯೇ ನಮೂದಿಸುವುದು ಯುಕ್ತ. ತಯಾರಕರು ಉತ್ತರಿಸದಿದ್ದಲ್ಲಿ ‘ಮಾಹಿತಿ ದೊರೆತಿಲ್ಲ’ ಎಂದೇ ಬರೆಯಲಿ. ಗ್ರಾಹಕನಿಗೆ ಅದೂ ಒಂದು ಮಾಹಿತಿ.

ಕೊನೆಯದಾಗಿ, ಎರಡು ಡಿಸ್ಕುಗಳಲ್ಲಿ ಒಂದೇ ಮಾಹಿತಿಯನ್ನು ಇರಿಸುವ ಏರ್ಪಾಡು ಒಂದು ಡಿಸ್ಕು ಕೆಟ್ಟಾಗ ಮಾತ್ರ ಕೈಹಿಡಿಯುತ್ತದೆ. ಕೈತಪ್ಪಿ ಅಳಿಸಿದ ಕಡತವು ಎರಡರಿಂದಲೂ ಹೋಗುತ್ತದೆ. 2021ರ ಜೂನ್‌ನಲ್ಲಿ ಅಂತರಜಾಲಕ್ಕೆ ತೆರೆದುಕೊಂಡಿದ್ದ ‘ಮೈ ಬುಕ್ ಲೈವ್’ ಪೆಟ್ಟಿಗೆಗಳನ್ನು ದೂರದಿಂದಲೇ ಅಳಿಸಿಹಾಕಲಾಯಿತು. 2015ರ ನಂತರ ಅವಕ್ಕೆ ತಂತ್ರಾಂಶದ ಪರಿಷ್ಕರಣೆಯೇ ಇರಲಿಲ್ಲ. ಆದುದರಿಂದ ಬೇರೊಂದು ಡಿಸ್ಕಿನಲ್ಲಿ ಪ್ರತಿ ತೆಗೆದು, ಬೇರೊಂದು ಕಟ್ಟಡದಲ್ಲಿ ಇಡಬೇಕು. ವರ್ತಕರಿಗೆ ಇದು ಕಷ್ಟವಲ್ಲ: ಮನೆಯ ವಿಡಿಯೊಗಳ ಪ್ರತಿ ಅಂಗಡಿಯ ಬೀರುವಿನಲ್ಲಿರಲಿ, ಅಂಗಡಿಯ ಲೆಕ್ಕಪತ್ರಗಳ ಪ್ರತಿ ಮನೆಯಲ್ಲಿರಲಿ.