ನಕ್ಷೆಯಲ್ಲಿರುವ ಪಾರ್ಕ್ ಯಾರ ಖಾತೆಯಲ್ಲಿದೆ?

ದಾಬಸ್‌ಪೇಟೆಯಿಂದ ದೊಡ್ಡಬಳ್ಳಾಪುರ, ದೇವನಹಳ್ಳಿ ದಾಟಿ ಹೊಸಕೋಟೆಗೆ ಹೋಗುವ ಸ್ಯಾಟಲೈಟ್ ಟೌನ್ ರಿಂಗ್ ರಸ್ತೆಯಲ್ಲಿ ಒಮ್ಮೆ ಹೋಗಿ ಬನ್ನಿ. ರಾಗಿ ಹೊಲ, ದ್ರಾಕ್ಷಿ ತೋಟಗಳ ಜೊತೆ ಪೈಪೋಟಿಗೆ ನಿಂತ ಹಾಗೆ ಲೇಔಟ್ ಬೋರ್ಡುಗಳು. ಏರ್‌ಪೋರ್ಟಿಗೆ ಇಷ್ಟು ನಿಮಿಷ, ಬ್ಯಾಂಕ್ ಸಾಲ ಸಿಗುತ್ತೆ, ಇ-ಖಾತೆ ರೆಡಿ ಇದೆ ಅನ್ನೋ ಸಾಲುಗಳು. ಬ್ರೋಷರ್ ಬಿಚ್ಚಿದರೆ ಒಂದು ಹಸಿರು ಚೌಕ, ಅದರ ಮೇಲೆ ‘ಪಾರ್ಕ್’ ಅಂತ ಬರೆದಿರುತ್ತೆ.

ಈ ಲೇಖನ ಆ ಹಸಿರು ಚೌಕದ ಬಗ್ಗೆ. ಅದು ಯಾರದ್ದು? ಅಲ್ಲಿ ಮಕ್ಕಳಿಗೆ ಒಂದು ಖೋಖೋ ಅಂಕಣ ಬೇಕು ಅಂದ್ರೆ ಯಾರಿಗೆ ಅರ್ಜಿ ಕೊಡಬೇಕು? ಕೊಟ್ಟ ಅರ್ಜಿಗೆ ಉತ್ತರ ಕೊಡಬೇಕಾದವರು ಯಾರು? ಮೊದಲ ಪ್ರಶ್ನೆಗೆ ಕಾನೂನಿನಲ್ಲಿ ಉತ್ತರ ಇದೆ. ಉಳಿದ ಎರಡಕ್ಕೆ ಬೆಂಗಳೂರು ಗ್ರಾಮಾಂತರ ಜಿಲ್ಲೆಯಲ್ಲಿ ನೇರವಾದ ಉತ್ತರ ಸಿಗುವುದಿಲ್ಲ. ಪಾರ್ಕುಗಳು ಹಾಳಾಗುವುದು ಇಲ್ಲಿಂದಲೇ ಅನ್ನೋದು ನನ್ನ ವಾದ.

ನೀವು ಕೊಂಡ 218 ಚದರಡಿ

ಕೃಷಿ ಜಮೀನು ಲೇಔಟ್ ಆಗಬೇಕಾದರೆ ಎರಡು ದೊಡ್ಡ ಬಾಗಿಲು ದಾಟಬೇಕು. ಒಂದು, ಕರ್ನಾಟಕ ಭೂ ಕಂದಾಯ ಕಾಯ್ದೆ 1964ರ ಸೆಕ್ಷನ್ 95ರ ಪ್ರಕಾರ ಭೂ ಪರಿವರ್ತನೆ. ಇನ್ನೊಂದು, ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ 1961ರ ಸೆಕ್ಷನ್ 17ರಡಿ ಯೋಜನಾ ಪ್ರಾಧಿಕಾರದಿಂದ ವಿನ್ಯಾಸ ಅನುಮೋದನೆ. ಜಾಗ ಎಲ್ಲಿದೆ ಅನ್ನೋದರ ಮೇಲೆ ವಿಮಾನ ನಿಲ್ದಾಣ ಪ್ರದೇಶದ ಯೋಜನಾ ಪ್ರಾಧಿಕಾರವೋ, ನೆಲಮಂಗಲ ಅಥವಾ ಹೊಸಕೋಟೆ ಯೋಜನಾ ಪ್ರಾಧಿಕಾರವೋ ಆ ನಕ್ಷೆ ನೋಡುತ್ತೆ. ಎಲ್ಲದರ ಮೇಲೆ ಬಿಎಂಆರ್‌ಡಿಎ ಇದೆ.

ಖಾಸಗಿ ವಸತಿ ಲೇಔಟಿನಲ್ಲಿ ಸಾಮಾನ್ಯ ಲೆಕ್ಕ ಹೀಗಿರುತ್ತೆ: ಸೈಟುಗಳಿಗೆ ಹೆಚ್ಚೆಂದರೆ ಶೇ. 55, ಪಾರ್ಕ್ ಮತ್ತು ತೆರೆದ ಜಾಗಕ್ಕೆ ಶೇ. 10, ನಾಗರಿಕ ಸೌಲಭ್ಯಕ್ಕೆ ಅಂದರೆ ಸಿಎ ಸೈಟಿಗೆ ಶೇ. 5, ಉಳಿದದ್ದು ರಸ್ತೆಗೆ. ಸರ್ಕಾರವೇ ಲೇಔಟ್ ಮಾಡಿದರೆ ಅಳತೆ ಬೇರೆ. ಬಿಡಿಎ ಕಾಯ್ದೆಯ ಸೆಕ್ಷನ್ 16 ಬಿಡಿಎ ಬಡಾವಣೆಯಲ್ಲಿ ಪಾರ್ಕ್, ಆಟದ ಮೈದಾನಕ್ಕೆ ಕನಿಷ್ಠ ಶೇ. 15, ಸಿಎಗೆ ಇನ್ನೂ ಶೇ. 10 ಬಿಡಬೇಕು ಅನ್ನುತ್ತೆ. ಖಾಸಗಿಯವರಿಗೆ ನಿಯಮ ಅಲ್ಲೇ ಸಾಕಷ್ಟು ಸಡಿಲ.

ಇಂಜಿನಿಯರಿಂಗ್ ಓದಿದ ಚಾಳಿ ಬಿಡೋದಿಲ್ಲ, ನಕ್ಷೆ ಕೈಗೆ ಸಿಕ್ಕರೆ ನಾನು ಮೊದಲು ಲೆಕ್ಕ ಹಾಕ್ತೀನಿ. ಶೇ. 55ರಷ್ಟು ಸೈಟಿನ ಬೆಲೆಯಲ್ಲೇ ಶೇ. 10ರಷ್ಟು ಪಾರ್ಕಿನ ಜಮೀನೂ ಸೇರಿರುತ್ತೆ, ಡೆವಲಪರ್ ಅದನ್ನು ಜೇಬಿಂದ ಕೊಡೋದಿಲ್ಲ. ಅಂದರೆ 30×40 ಸೈಟು ಕೊಂಡ ಪ್ರತಿಯೊಬ್ಬರೂ ತಮ್ಮ 1200 ಚದರಡಿಯ ಜೊತೆ ಸುಮಾರು 218 ಚದರಡಿ ಪಾರ್ಕಿಗೂ ದುಡ್ಡು ಕೊಟ್ಟಿದ್ದಾರೆ. ಸಿಎ ಸೈಟಿನ ಪಾಲು ಇನ್ನೊಂದು 109 ಚದರಡಿ. ಪಾರ್ಕ್ ಕೇಳಿದರೆ ‘ಅನುದಾನ ಬಂದಾಗ ನೋಡೋಣ’ ಅನ್ನುವವರು ಇದನ್ನು ನೆನಪಿಡಬೇಕು. ಜಮೀನಿನ ದುಡ್ಡು ಆಗಲೇ ಸಂದಾಯ ಆಗಿದೆ.

ಎಂಟು ಗುಂಟೆಯ ಮೈದಾನ

ಶೇಕಡಾವಾರು ಲೆಕ್ಕದಲ್ಲಿ ಒಂದು ಮೋಸ ಅಡಗಿದೆ. ಎರಡು ಎಕರೆಯ ಲೇಔಟ್ ತಗೊಳ್ಳಿ. ಶೇ. 10 ಅಂದ್ರೆ 8 ಗುಂಟೆ, 8,712 ಚದರಡಿ. ಕೇಳೋಕೆ ಪರವಾಗಿಲ್ಲ. ಆದರೆ ನಕ್ಷೆ ಬರೆಯುವವರಿಗೆ ಸೈಟು ಮೊದಲು, ಪಾರ್ಕ್ ಆಮೇಲೆ. ಸೈಟು ಕೂರದ ತ್ರಿಕೋನ, ಹೈಟೆನ್ಷನ್ ಲೈನಿನ ಕೆಳಗಿನ ಪಟ್ಟಿ, ಕಾಲುವೆ ಪಕ್ಕದ ಇಳಿಜಾರು ಪಾರ್ಕಿನ ಪಾಲಿಗೆ ಬರುತ್ತೆ. ಆ 8 ಗುಂಟೆಯನ್ನು ಎರಡು ಮೂಲೆಗೆ ಹಂಚಿದರೆ ಒಂದೊಂದು ತುಂಡು 4,356 ಚದರಡಿ. ಖೋಖೋ ಅಂಕಣಕ್ಕೆ 27×16 ಮೀಟರ್, ಅಂದರೆ 4,650 ಚದರಡಿ ಬೇಕು. ಕಾಗದದ ಮೇಲೆ ನಿಯಮ ಪಾಲನೆ ಆಯ್ತು, ನೆಲದ ಮೇಲೆ ಒಂದು ಖೋಖೋ ಅಂಕಣವೂ ಹಿಡಿಸಲಿಲ್ಲ.

ಇದೇ ಥರ ಎರಡೆರಡು ಎಕರೆಯ ಐದು ಲೇಔಟ್ ಅಕ್ಕಪಕ್ಕ ಇದ್ದು, ಐದರ ಪಾರ್ಕ್ ಜಾಗವೂ ಒಂದೇ ಕಡೆ ಸೇರಿದರೆ? 40 ಗುಂಟೆ, ಅಂದರೆ ಒಂದು ಎಕರೆ. ಫುಟ್‌ಬಾಲಿನ ಅತಿ ಚಿಕ್ಕ ಅಧಿಕೃತ ಮೈದಾನ 90×45 ಮೀಟರ್, ಅದೂ ಹೆಚ್ಚುಕಡಿಮೆ ಒಂದು ಎಕರೆ. ಅಷ್ಟೇ ಜಮೀನು, ಅಷ್ಟೇ ಕಾನೂನು. ಒಂದು ಕಡೆ ಮೈದಾನ, ಇನ್ನೊಂದು ಕಡೆ ಹತ್ತು ತುಂಡು ಪಾರ್ಥೇನಿಯಂ.

ಇನ್ನು ಜನಸಂಖ್ಯೆ. ಹತ್ತು ಎಕರೆಯ ಲೇಔಟಿನಲ್ಲಿ 30×40ರ ಸುಮಾರು 200 ಸೈಟು ಬರುತ್ತವೆ. ಸೈಟಿಗೊಂದು ಮನೆ, ಮನೆಗೆ ನಾಲ್ಕು ಜನ ಅಂದರೂ 800 ಜನ, ಒಂದು ಎಕರೆ ಪಾರ್ಕ್. ತಲೆಗೆ 5 ಚದರ ಮೀಟರ್. ಆದರೆ ನಮ್ಮಲ್ಲಿ ಯಾರು ಒಂದೇ ಮನೆ ಕಟ್ತಾರೆ? ಕೆಳಗೆ ಮಾಲೀಕರು, ಮೇಲೆ ಎರಡು ಬಾಡಿಗೆ ಮನೆ ಅಂದರೆ 2,400 ಜನ, ತಲೆಗೆ 1.7 ಚದರ ಮೀಟರ್. ಕೇಂದ್ರ ಸರ್ಕಾರದ 2014ರ ನಗರ ಯೋಜನಾ ಮಾರ್ಗಸೂಚಿ ಹೇಳುವುದು ತಲೆಗೆ 10ರಿಂದ 12 ಚದರ ಮೀಟರ್ ತೆರೆದ ಜಾಗ.

ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ 1965ರಿಂದ ಕ್ವಿಂಬಿ ಕಾಯ್ದೆ ಅನ್ನೋದು ಇದೆ. ಅಲ್ಲಿ ಲೇಔಟಿನ ವಿಸ್ತೀರ್ಣ ನೋಡಲ್ಲ, ಬರುವ ಜನರನ್ನು ಎಣಿಸುತ್ತಾರೆ. ಸಾವಿರ ಜನರಿಗೆ ಸಾಮಾನ್ಯವಾಗಿ ಮೂರು ಎಕರೆ, ಹೆಚ್ಚೆಂದರೆ ಐದು. ಜಮೀನು ಕೊಡಲು ಆಗದಿದ್ದರೆ ಅದರ ಬದಲು ಹಣ, ಆ ಹಣವನ್ನೂ ಐದು ವರ್ಷದೊಳಗೆ ಯಾವ ಪಾರ್ಕಿಗೆ ಅಂತ ನಿಗದಿ ಮಾಡಬೇಕು. ಅಲ್ಲಿನಷ್ಟು ಜಮೀನು ನಮ್ಮಲ್ಲಿ ಸಿಗುವುದಿಲ್ಲ, ಒಪ್ಪೋಣ. ಆದರೆ ಜನರನ್ನು ಎಣಿಸೋದಕ್ಕೆ ಜಮೀನು ಬೇಕಿಲ್ಲವಲ್ಲ.

ಇದೆಲ್ಲ ಅನುಮೋದನೆ ಪಡೆದ ಲೇಔಟಿನ ಕಥೆ. ರೆವಿನ್ಯೂ ಸೈಟುಗಳಲ್ಲಿ ನಕ್ಷೆಯೇ ಅನುಮೋದನೆ ಆಗಿರುವುದಿಲ್ಲ. ಅಲ್ಲಿ ಪಾರ್ಕಿನ ಪಾಲು ಸೊನ್ನೆ. ಮುಂದೊಂದು ದಿನ ಆ ಮನೆಗಳು ಸಕ್ರಮ ಆಗಬಹುದು. ಬಿಡದೇ ಹೋದ ಪಾರ್ಕನ್ನು ಯಾವ ಸಕ್ರಮವೂ ವಾಪಸ್ ತರಲ್ಲ.

ಪತ್ರ ಆಯ್ತು, ಮುಂದೆ?

ಅನುಮೋದನೆಯ ಷರತ್ತಿನಂತೆ ಡೆವಲಪರ್ ರಸ್ತೆ, ಪಾರ್ಕ್, ಸಿಎ ಜಾಗಗಳನ್ನು ಪರಿತ್ಯಾಜನಾ ಪತ್ರದ ಮೂಲಕ, ಅಂದರೆ ರಿಲಿಂಕ್ವಿಶ್‌ಮೆಂಟ್ ಡೀಡ್ ಮಾಡಿ ಬಿಟ್ಟುಕೊಡಬೇಕು. ಈ ಪತ್ರ ಬರೀ ಔಪಚಾರಿಕತೆ ಅಲ್ಲ. ದೆಹಲಿಯ ಪಂಡಿತ್ ಚೇತ್ ರಾಮ್ ವಶಿಷ್ಠ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1990ರ ದಶಕದಲ್ಲೇ ಇದನ್ನು ಸ್ಪಷ್ಟ ಮಾಡಿದೆ. ನಕ್ಷೆಯಲ್ಲಿ ಪಾರ್ಕ್ ಅಂತ ತೋರಿಸಿದ ಮಾತ್ರಕ್ಕೆ ಮಾಲೀಕತ್ವ ಸ್ಥಳೀಯ ಸಂಸ್ಥೆಗೆ ಬಂದುಬಿಡೋದಿಲ್ಲ. ಪತ್ರ ಇಲ್ಲದಿದ್ದರೆ ಹಸಿರು ಚೌಕ ಇನ್ನೂ ಹಳೇ ಸರ್ವೆ ನಂಬರಿನಲ್ಲಿ, ಹಳೇ ಹೆಸರಿನಲ್ಲೇ ಕೂತಿರುತ್ತೆ.

ಪತ್ರ ಆದ ಮೇಲೂ ಕೆಲಸ ಮುಗಿಯಲ್ಲ. ನಕ್ಷೆ ಒಪ್ಪಿದ್ದು ಪ್ರಾಧಿಕಾರ. ಗಿಡಕ್ಕೆ ನೀರು ಹಾಕಬೇಕಾದ್ದು ಗ್ರಾಮ ಪಂಚಾಯಿತಿ, ಅಥವಾ ದೊಡ್ಡಬಳ್ಳಾಪುರ, ಹೊಸಕೋಟೆಯಂಥ ಕಡೆ ನಗರಸಭೆ, ದೇವನಹಳ್ಳಿಯಲ್ಲಿ ಪುರಸಭೆ. ಆಟದ ಸಾಮಾನು, ಅಂಕಣ ಅಂದರೆ ಕ್ರೀಡಾ ಇಲಾಖೆ. ಗಿಡ ಅಂದರೆ ತೋಟಗಾರಿಕೆ ಅಥವಾ ಅರಣ್ಯ ಇಲಾಖೆ. ಅನುಮೋದನೆ ಶುಲ್ಕ ಪ್ರಾಧಿಕಾರಕ್ಕೆ ಒಂದೇ ಸಲ ಬರುತ್ತೆ, ನಿರ್ವಹಣೆ ಖರ್ಚು ಪಂಚಾಯಿತಿಗೆ ವರ್ಷಾ ವರ್ಷ ಬರುತ್ತೆ. ಹಸ್ತಾಂತರ ಅಂದ ತಕ್ಷಣ ಪಿಡಿಒ ಹಿಂದೇಟು ಹಾಕಿದರೆ ಅದಕ್ಕೂ ಒಂದು ಕಾರಣ ಇದೆ ಅನ್ನೋದನ್ನು ಒಪ್ಪಲೇಬೇಕು.

ಅಮೆರಿಕದ ಸಣ್ಣಪುಟ್ಟ ಊರುಗಳಲ್ಲೂ ಪಾರ್ಕ್ ಬೋರ್ಡ್ ಅಂತ ಇರುವುದುಂಟು. ಹೊಸ ಲೇಔಟ್ ಕೊಡುವ ಜಾಗ ಬೇಕೋ ಬೇಡವೋ, ಯಾವ ಅಂಕಣ ಯಾವ ಪಾರ್ಕಿಗೆ ಅನ್ನೋದೆಲ್ಲ ಒಂದೇ ಮೇಜಿನ ಮೇಲೆ, ಊರವರ ಎದುರೇ ಚರ್ಚೆ ಆಗುತ್ತೆ. ನಮ್ಮಲ್ಲಿ ಆ ಒಂದೇ ಮೇಜು ಇಲ್ಲ. ಹಾಗಾಗಿ ಅರ್ಜಿ ಟಪಾಲಿನಿಂದ ಟಪಾಲಿಗೆ ತಿರುಗುತ್ತೆ. ಅಷ್ಟರಲ್ಲಿ ಖಾಲಿ ಜಾಗಕ್ಕೆ ಬೇರೆ ಅರ್ಜಿಗಳೂ ಬಂದಿರುತ್ತವೆ: ದೇವಸ್ಥಾನ, ಸಮುದಾಯ ಭವನ, ನೀರಿನ ಟ್ಯಾಂಕು. ಎಲ್ಲವೂ ಬೇಕಾದ್ದೇ. ಆದರೆ ಭವನದಂಥ ಕಟ್ಟಡಕ್ಕೆ ಅಂತಲೇ ಶೇ. 5ರ ಸಿಎ ಸೈಟು ಇರೋದು. ಶೇ. 10ರ ಪಾರ್ಕಿಗೆ ಕೈ ಹಾಕುವ ಮುಂಚೆ ಸಿಎ ಸೈಟು ಏನಾಯ್ತು ಅಂತ ಕೇಳಬೇಕು.

ಪಾರ್ಕಿಗೆ ಕೈ ಹಾಕಬಾರದು ಅನ್ನೋದಕ್ಕೆ ಬೆಂಗಳೂರಿನದ್ದೇ ಗಟ್ಟಿ ತೀರ್ಪು ಇದೆ. ರಾಜಮಹಲ್ ವಿಲಾಸ್ ಬಡಾವಣೆಯಲ್ಲಿ ಪಾರ್ಕಿಗೆ ಮೀಸಲಿಟ್ಟ ಜಾಗವನ್ನು ಮುಖ್ಯಮಂತ್ರಿ ಮಟ್ಟದ ಸೂಚನೆಯ ಮೇಲೆ ಖಾಸಗಿ ಆಸ್ಪತ್ರೆಗೆ ಕೊಡಲಾಗಿತ್ತು. ನಿವಾಸಿಗಳು ಕೋರ್ಟಿಗೆ ಹೋದರು. 1991ರಲ್ಲಿ ಬೆಂಗಳೂರು ಮೆಡಿಕಲ್ ಟ್ರಸ್ಟ್ ಮತ್ತು ಬಿ.ಎಸ್. ಮುದ್ದಪ್ಪ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಆ ಹಂಚಿಕೆ ನಿಲ್ಲುವುದಿಲ್ಲ ಅಂತ ಹೇಳಿತು. ಆಸ್ಪತ್ರೆ ಎಷ್ಟೇ ಒಳ್ಳೆಯದಿರಲಿ, ಪಾರ್ಕಿನ ಬದಲಿಗೆ ಬರುವಂತಿಲ್ಲ, ಅದನ್ನು ಪ್ರಶ್ನಿಸುವ ಹಕ್ಕು ನಿವಾಸಿಗಳಿಗೆ ಇದೆ ಅನ್ನೋದು ಅದರ ತಿರುಳು. ಅದಕ್ಕೂ ಮೊದಲೇ, 1985ರಲ್ಲಿ, ರಾಜ್ಯ ಸರ್ಕಾರ ಉದ್ಯಾನ, ಆಟದ ಮೈದಾನ ಮತ್ತು ತೆರೆದ ಜಾಗಗಳ ಸಂರಕ್ಷಣೆಗೆ ಒಂದು ಕಾಯ್ದೆ ತಂದಿತ್ತು. ಅದರ ಬುನಾದಿ ಒಂದು ಪಟ್ಟಿ. ಯಾವ್ಯಾವ ಪಾರ್ಕ್, ಮೈದಾನ ಎಲ್ಲಿವೆ ಅಂತ ಸ್ಥಳೀಯ ಸಂಸ್ಥೆ ಮೊದಲು ಪಟ್ಟಿ ಮಾಡಬೇಕು. ಪಟ್ಟಿಯಲ್ಲಿ ಇಲ್ಲದ ಪಾರ್ಕನ್ನು ಉಳಿಸಿ ಅಂತ ಯಾವ ಕೋರ್ಟಿಗೆ ಹೋಗೋದು?

ಗೇಟಿನ ಈಚೆ

ಇನ್ನೊಂದು ಮಾತು ಲೇಔಟಿನವರಿಗೆ ಹಿಡಿಸಲಿಕ್ಕಿಲ್ಲ. ಬಿಟ್ಟುಕೊಟ್ಟ ಪಾರ್ಕ್ ಲೇಔಟಿನದ್ದಲ್ಲ, ಸಾರ್ವಜನಿಕರದ್ದು. ಆದರೆ ಎಷ್ಟೋ ಕಡೆ ಗೇಟು, ಸೆಕ್ಯೂರಿಟಿ, ‘ನಿವಾಸಿಗಳಿಗೆ ಮಾತ್ರ’ ಬೋರ್ಡು. ನಿವಾಸಿಗಳ ವಾದವೂ ಇದೆ: ಪಂಚಾಯಿತಿ ಕಡ್ಡಿ ಎತ್ತಲ್ಲ, ಹುಲ್ಲು ಕತ್ತರಿಸುವ ದುಡ್ಡು ನಾವೇ ಹಾಕ್ತೀವಿ, ಹೊರಗಿನವರನ್ನು ಯಾಕೆ ಬಿಡಬೇಕು? ದುಡ್ಡಿನ ಮಾತು ನಿಜ. ಆದರೆ ಆ ‘ಹೊರಗಿನವರು’ ಯಾರು? ಲೇಔಟ್ ಬರುವ ಮುಂಚೆ ಅದೇ ಹೊಲದಲ್ಲಿ, ಕೊಯ್ಲಾದ ಮೇಲೆ ಕ್ರಿಕೆಟ್ ಆಡುತ್ತಿದ್ದ ಪಕ್ಕದ ಹಳ್ಳಿಯ ಹುಡುಗರು.

ಹಳ್ಳಿಗಳಿಗೆ ಗೋಮಾಳ, ಗುಂಡುತೋಪು ಇತ್ತು. ಭೂ ಕಂದಾಯ ನಿಯಮಗಳ 97ನೇ ನಿಯಮ ನೂರು ಜಾನುವಾರಿಗೆ 12 ಹೆಕ್ಟೇರ್, ಅಂದರೆ ಸುಮಾರು 30 ಎಕರೆ ಗೋಮಾಳ ಇರಬೇಕು ಅನ್ನುತ್ತೆ. ದನ ಕಮ್ಮಿ ಆದರೆ ಗೋಮಾಳ ‘ಹೆಚ್ಚುವರಿ’ ಆಗಿಬಿಡುತ್ತೆ. ಗೋಮಾಳದ ನಿಯಮ ದನ ಎಣಿಸುತ್ತೆ, ಲೇಔಟಿನ ನಿಯಮ ಗುಂಟೆ ಎಣಿಸುತ್ತೆ. ಮಕ್ಕಳನ್ನು ಎಣಿಸುವ ನಿಯಮ ಯಾವುದೂ ಇಲ್ಲ. 2025ರ ಜುಲೈನಲ್ಲಿ ನಂದಿಬೆಟ್ಟದ ಸಚಿವ ಸಂಪುಟ ಸಭೆ ಈ ಜಿಲ್ಲೆಗೆ ‘ಬೆಂಗಳೂರು ಉತ್ತರ’ ಅಂತ ಹೆಸರಿಡಲು ತೀರ್ಮಾನಿಸಿತು. ಗ್ರಾಮಾಂತರ ಅನ್ನೋ ಹೆಸರು ಹೋದರೂ ಗ್ರಾಮಗಳು ಇಲ್ಲೇ ಇರುತ್ತವೆ, ಲೇಔಟುಗಳ ನಡುವೆ.

ಮೂರು ಕೆಲಸ

ಇದಕ್ಕೆ ಹೊಸ ಮಂಡಳಿ ಮಾಡಿ ಅಂತ ನಾನು ಕೇಳಲ್ಲ. ಇನ್ನೊಂದು ಅಧ್ಯಕ್ಷರ ಕುರ್ಚಿ, ಇನ್ನೊಂದು ಕಾರು ಬರಬಹುದು ಅಷ್ಟೇ.

ಮೊದಲನೆಯದು, ಪಾರ್ಕಿಗೂ ಖಾತೆ. ನಮ್ಮಲ್ಲಿ ಸೈಟುಗಳನ್ನು ಹಂತ ಹಂತವಾಗಿ, ಮೊದಲು ಶೇ. 40, ಆಮೇಲೆ 30, ಕೊನೆಗೆ 30 ಅಂತ ಬಿಡುಗಡೆ ಮಾಡುವ ಪದ್ಧತಿ ಬಹಳ ಕಾಲ ರೂಢಿಯಲ್ಲಿತ್ತು. ಹಂತ ಎಷ್ಟೇ ಇರಲಿ, ಪಾರ್ಕ್ ಮತ್ತು ಸಿಎ ಸೈಟು ಪಂಚಾಯಿತಿ ಅಥವಾ ನಗರಸಭೆ ಹೆಸರಲ್ಲಿ ಖಾತೆ ಆಗಿ, ನಾಲ್ಕು ಮೂಲೆಗೆ ಕಲ್ಲು ಬೀಳುವ ತನಕ ಕೊನೆಯ ಕಂತಿನ ಸೈಟು ಬಿಡಬಾರದು.

ಎರಡನೆಯದು, ಪಟ್ಟಿ. ಪ್ರಾಧಿಕಾರ ತಾನು ಅನುಮೋದಿಸಿದ ಪ್ರತಿ ಲೇಔಟಿನ ಪಾರ್ಕ್, ಅದರ ಸರ್ವೆ ನಂಬರು, ವಿಸ್ತೀರ್ಣ, ಪರಿತ್ಯಾಜನಾ ಪತ್ರದ ದಿನಾಂಕವನ್ನು ವೆಬ್‌ಸೈಟಿನಲ್ಲಿ ಹಾಕಲಿ. ಮಾಹಿತಿ ಹಕ್ಕು ಕಾಯ್ದೆ 2005ರ ಸೆಕ್ಷನ್ 4 ಯಾರೂ ಕೇಳದೆಯೇ ಮಾಹಿತಿ ಪ್ರಕಟಿಸಿ ಅನ್ನುತ್ತೆ. ಪಟ್ಟಿ ಇದ್ದರೆ, ಅಕ್ಕಪಕ್ಕದ ಹೊಸ ಲೇಔಟುಗಳ ಪಾರ್ಕನ್ನು ಒಂದೇ ಗಡಿಗೆ ತಂದು ಸೇರಿಸಿ ಅಂತ ನಕ್ಷೆ ಒಪ್ಪುವಾಗಲೇ ಹೇಳಬಹುದು.

ಮೂರನೆಯದು, ಮೇಜು. ಅದು ನಮ್ಮಲ್ಲಿ ಆಗಲೇ ಇದೆ, ಗ್ರಾಮಸಭೆ ಮತ್ತು ವಾರ್ಡ್ ಸಭೆ. ಪಾರ್ಕಿನ ಅರ್ಜಿಗಳೆಲ್ಲ ಅಲ್ಲಿ ಓದಲ್ಪಡಲಿ, ಲೇಔಟಿನವರೂ ಹಳ್ಳಿಯವರೂ ಎದುರುಬದುರು ಕೂತು ಮಾತಾಡಲಿ. ನಿರ್ವಹಣೆಯ ದುಡ್ಡು ಲೇಔಟಿನವರು ಕೊಟ್ಟರೆ ಬೇಡ ಅನ್ನೋದು ಬೇಡ. ಗೇಟಿನ ಬೀಗ ಮಾತ್ರ ಪಂಚಾಯಿತಿ ಹತ್ತಿರ ಇರಲಿ.

ಇದೆಲ್ಲ ಆಗುವ ತನಕ ಸೈಟು ಕೊಳ್ಳುವವರು ಒಂದು ಕೆಲಸ ಮಾಡಬಹುದು. ನಿಮ್ಮ ಸೈಟಿನ ಇಸಿ, ಖಾತೆ ಕೇಳುವಾಗ ಪಾರ್ಕಿನ ಪರಿತ್ಯಾಜನಾ ಪತ್ರದ ನಕಲನ್ನೂ ಕೇಳಿ. ಕೊಡಲಿಲ್ಲ ಅಂದರೆ ಅಡ್ವಾನ್ಸ್ ಜೇಬಲ್ಲೇ ಇರಲಿ.