ಟ್ರಾಪಿಕ್ ಅಂದ್ರೆ ಸೆಕೆ ಅಲ್ಲ

'ಟ್ರಾಪಿಕಲ್' ಅಂದ ತಕ್ಷಣ ನಮ್ಮ ತಲೆಗೆ ಬರೋದು ಬೆವರು, ಸೆಕೆ, ಹೊಸಪೇಟೆಯ ಏಪ್ರಿಲ್ ಬಿಸಿಲು. ಆದರೆ ಗ್ರೀಕ್ ಮೂಲದ ಈ ಪದದ ಅರ್ಥ 'ತಿರುಗುವುದು'. ಉತ್ತರಕ್ಕೆ ಸರಿಯುತ್ತಾ ಹೋಗುವ ಸೂರ್ಯ ಜೂನ್ 21ರ ಸುಮಾರಿಗೆ 23.4 ಡಿಗ್ರಿ ಮುಟ್ಟಿ, ಕೊನೇ ಸ್ಟಾಪಿನಲ್ಲಿ ಬಸ್ಸು ತಿರುಗೋ ಹಾಗೆ ವಾಪಸ್ ತಿರುಗ್ತಾನೆ. ಆ ಗೆರೆಯೇ ಕರ್ಕಾಟಕ ಸಂಕ್ರಾಂತಿ ವೃತ್ತ. ಡಿಸೆಂಬರಿನಲ್ಲಿ ದಕ್ಷಿಣದ ಕಡೆ ಹೀಗೇ ತಿರುಗುವ ಗೆರೆ ಮಕರ ಸಂಕ್ರಾಂತಿ ವೃತ್ತ. ಭೂಮಿಯ ಅಕ್ಷ ಅಷ್ಟೇ ಡಿಗ್ರಿ ವಾಲಿರೋದು ಇದಕ್ಕೆ ಕಾರಣ.

ಇಂಗ್ಲಿಷ್ ಮೀಡಿಯಂನಲ್ಲಿ ಓದಿದ ನಮಗೆ 'ಟ್ರಾಪಿಕ್ ಆಫ್ ಕ್ಯಾನ್ಸರ್' ಒಂದು ಮಾರ್ಕಿನ ಉತ್ತರ ಅಷ್ಟೇ. ಕನ್ನಡದ ಉತ್ತರಾಯಣ, ದಕ್ಷಿಣಾಯನ ಪದಗಳಲ್ಲಿ ಸೂರ್ಯನ ಚಲನೆಯೇ ಇದೆ. 'ಅಯನ' ಅಂದರೆ ಸಾಗುವುದು.

ಎರಡು ವೃತ್ತಗಳ ನಡುವಿನ ಊರುಗಳಿಗೆ ಸೂರ್ಯ ನೇರ ನೆತ್ತಿ ಮೇಲೆ ಬರೋದು ವರ್ಷಕ್ಕೆ ಎರಡೇ ಸಲ. ದಿಲ್ಲಿ ಬೇಸಿಗೆಯಲ್ಲಿ ಎಷ್ಟೇ ಸುಟ್ಟರೂ ಅಲ್ಲಿಗೆ ಒಂದು ದಿನವೂ ಬರಲ್ಲ. ನಮಗೆ ಬರ್ತಾನೆ. ಮೇ 1ರ ಹೊತ್ತಿಗೆ ಸಂಡೂರು, ಮರುದಿನ ಹೊಸಪೇಟೆ, ಹಂಪಿ, ಕಂಪ್ಲಿ. ಆಗಸ್ಟ್ 11ರ ಆಸುಪಾಸಿನಲ್ಲಿ ಇದೇ ದಾರಿಯಲ್ಲಿ ವಾಪಸ್: ಕಂಪ್ಲಿ ಮೊದಲು, ಸಂಡೂರು ಕೊನೆಗೆ. ಆ ಮಧ್ಯಾಹ್ನ ನೆಟ್ಟಗೆ ನಿಂತ ಕಂಬಕ್ಕೆ ನೆರಳೇ ಇರಲ್ಲ. ವಿರೂಪಾಕ್ಷ ಗುಡಿಯಲ್ಲಿ ಗೋಪುರದ ತಲೆಕೆಳಗಾದ ನೆರಳು ನೋಡೋಕೆ ಎಲ್ಲರೂ ಹೋಗ್ತೀವಿ. ನೆರಳು ಮಾಯವಾಗೋ ದಿನ ಮಾತ್ರ ಫ್ಯಾನ್ ಕೆಳಗೆ ಮಲಗಿರ್ತೀವಿ.

ಇದು ಬರೀ ತಮಾಷೆಯ ವಿಷಯ ಅಲ್ಲ. ಮೇ 2ರಿಂದ ಆಗಸ್ಟ್ 11ರವರೆಗೆ, ಸುಮಾರು ನೂರು ದಿನ, ಮಧ್ಯಾಹ್ನದ ಸೂರ್ಯ ನಮಗೆ ಉತ್ತರದಲ್ಲಿರ್ತಾನೆ. ಹಾಗಾದರೆ ಚಾವಣಿಯ ಸೋಲಾರ್ ಪ್ಯಾನೆಲ್ ದಕ್ಷಿಣಕ್ಕೆ ಯಾಕೆ ಮುಖ ಮಾಡಿರುತ್ತೆ? ಉಳಿದ ಎಂಟು ತಿಂಗಳಿಗೂ ಹೆಚ್ಚು ಕಾಲ ಸೂರ್ಯ ಆ ಕಡೆ ಇರೋದರಿಂದ. ಎಷ್ಟು ವಾಲಿಸಬೇಕು, ಕಿಟಕಿಗೆ ಸಜ್ಜಾ ಯಾವ ದಿಕ್ಕಿಗೆ ಬೇಕು, ಎಲ್ಲ ಲೆಕ್ಕವೂ ಇಲ್ಲಿಂದಲೇ ಶುರು. ಎಂಜಿನಿಯರ್ ಆಗೋರು ಇದನ್ನ ಬಾಯಿಪಾಠ ಮಾಡಿದರೆ ಸಾಲದು, ಕಣ್ಣಾರೆ ನೋಡಬೇಕು.

ಅದಕ್ಕೇ ನನ್ನ ಒತ್ತಾಯ: ರಾಜ್ಯೋತ್ಸವದ ಹಾಗೆ ನೆರಳಿಲ್ಲದ ದಿನವೂ ನಮ್ಮ ಸಂಘದ ಕ್ಯಾಲೆಂಡರಿನಲ್ಲಿ ಇರಲಿ. ಖರ್ಚೇನಿಲ್ಲ. ಒಂದು ಪೈಪು, ನೆಟ್ಟಗಿದೆಯಾ ನೋಡೋಕೆ ತೂಗುಗುಂಡು, ಒಂದು ಬಿಳಿ ಹಾಳೆ. ಸಮಯ ಮಾತ್ರ 12 ಗಂಟೆ ಅಲ್ಲ. ಗಡಿಯಾರ ನಡೆಯೋದು 82.5 ಡಿಗ್ರಿ ರೇಖಾಂಶದ ಲೆಕ್ಕದಲ್ಲಿ, ನಾವು ಅದಕ್ಕಿಂತ ಪಶ್ಚಿಮಕ್ಕಿದ್ದೀವಿ. ಹಾಗಾಗಿ ಮೇ 2ರಂದು 12 ಗಂಟೆ 21 ನಿಮಿಷಕ್ಕೆ ಬನ್ನಿ. ರಜೆ ಇದ್ದರೆ ಮನೆ ಮಾಳಿಗೆ ಮೇಲೆ ಮಾಡಿ, ಫೋಟೋ ಕಳಿಸಿ. ಮೇನಲ್ಲಿ ತಪ್ಪಿದರೆ ಆಗಸ್ಟ್ ಇದ್ದೇ ಇದೆ, ಮೋಡ ಬಿಟ್ಟರೆ!